ಗಾಜು ಚೆನ್ನಾಗಿದೆ, ಫ್ರೇಮ್ ಮಾತ್ರ ಕೊಡಿ

‘ಕನ್ನಡಕ ಮುರೀತು’ ಎಂದು ನಾವು ಹೇಳುವಾಗ ಹೆಚ್ಚಿನ ಸಲ ಮುರಿದಿರುವುದು ಫ್ರೇಮ್ ಮಾತ್ರ. ಒಂದು ಕಡ್ಡಿ ಕಿತ್ತು ಬಂದಿರುತ್ತದೆ, ಇಲ್ಲವೇ ಮೂಗಿನ ಮೇಲಿನ ಭಾಗ ಸೀಳಿರುತ್ತದೆ, ಇಲ್ಲವೇ ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂ ಎಲ್ಲೋ ಬಿದ್ದುಹೋಗಿರುತ್ತದೆ. ಪವರ್ ಇರುವ ಎರಡು ಗಾಜುಗಳಿಗೆ ಏನೂ ಆಗಿರುವುದಿಲ್ಲ. (ಈಗಿನ ಗಾಜುಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್. ಆದರೂ ಎಲ್ಲರೂ ಗಾಜು ಅಂತಲೇ ಕರೆಯುವುದರಿಂದ ನಾನೂ ಹಾಗೇ ಬರೆಯುತ್ತೇನೆ.) ಆದರೆ ಅಂಗಡಿಗೆ ಹೋದರೆ ಫ್ರೇಮಿಗೂ ಗಾಜಿಗೂ ಎರಡಕ್ಕೂ ಮತ್ತೆ ದುಡ್ಡು ಕೊಟ್ಟು ಬರುತ್ತೇವೆ. ಅಷ್ಟು ದುಡ್ಡು ಕೈಯಲ್ಲಿ ಇಲ್ಲದವರು ಕನ್ನಡಕ ಇಲ್ಲದೆಯೇ ತರಗತಿಗೆ ಬಂದು ಕೂರುತ್ತಾರೆ.

ಚೆನ್ನಾಗಿರುವ ಗಾಜಿಗೆ ಬರೀ ಫ್ರೇಮ್ ಹಾಕಿಸಿಕೊಳ್ಳುವುದು ನಮ್ಮಂಥ ಊರಿನಲ್ಲೂ ಸಾಧ್ಯವಾಗಬೇಕು. ಅದನ್ನು ನಾವು ಬಾಯಿಬಿಟ್ಟು ಕೇಳಬೇಕು, ಅಂಗಡಿಯವರು ಮಾಡಿಕೊಡಬೇಕು, ನಮ್ಮ ಕಾಲೇಜೂ ಇದಕ್ಕೆ ಸ್ವಲ್ಪ ಕೈಜೋಡಿಸಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಇದೇನು ದೊಡ್ಡ ವಿಷಯ ಎಂದು ಕನ್ನಡಕ ಹಾಕದವರಿಗೆ ಅನ್ನಿಸಬಹುದು. ನನ್ನ ಪವರ್ ಮೈನಸ್ ಎರಡೂಮುಕ್ಕಾಲು. ಕನ್ನಡಕ ಇಲ್ಲದಿದ್ದರೆ ಎರಡನೇ ಬೆಂಚಿನಿಂದಲೂ ಬೋರ್ಡಿನ ಮೇಲಿನ 3 ಯಾವುದು, 8 ಯಾವುದು ಎಂದು ಗೊತ್ತಾಗುವುದಿಲ್ಲ. ಕಾಮರ್ಸ್ ಓದುವವರಿಗೆ ಇದು ಸಣ್ಣ ತೊಂದರೆಯಲ್ಲ. ಒಂದು ಅಂಕಿ ತಪ್ಪಾಗಿ ಬರೆದುಕೊಂಡರೆ ಟ್ರಯಲ್ ಬ್ಯಾಲೆನ್ಸ್ ಕೂಡುವುದಿಲ್ಲ. ಎಲ್ಲಿ ತಪ್ಪಾಯಿತು ಎಂದು ಹುಡುಕುವಷ್ಟರಲ್ಲಿ ಮೇಡಂ ಮುಂದಿನ ಲೆಕ್ಕಕ್ಕೆ ಹೋಗಿರುತ್ತಾರೆ. ಪಕ್ಕದವಳ ಪುಸ್ತಕ ನೋಡಿ ಬರೆದುಕೊಳ್ಳಬಹುದು ನಿಜ. ಆದರೆ ಪಕ್ಕದವಳ ಪುಸ್ತಕದಲ್ಲಿ ಲೆಕ್ಕದ ಉತ್ತರ ಸಿಗುತ್ತದೆ, ಲೆಕ್ಕ ಹೇಗೆ ಮಾಡಿದರು ಎನ್ನುವುದು ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದೃಷ್ಟಿಯ ಬಗ್ಗೆ ಒಂದು ದೊಡ್ಡ ವರದಿ ಪ್ರಕಟಿಸಿತು. ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿ ತೊಂದರೆ ಇದೆ, ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆಯನ್ನು ತಡೆಯಬಹುದಿತ್ತು ಅಥವಾ ಅದಕ್ಕೆ ಇನ್ನೂ ಪರಿಹಾರ ಸಿಕ್ಕಿಲ್ಲ ಎಂದು ಅದರಲ್ಲಿದೆ. ಇಂಥ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಕನ್ನಡಕವೇ ಸಿಗದವರ ವಿಷಯ ಬರುತ್ತದೆ. ಒಮ್ಮೆ ಸಿಕ್ಕಿದ ಕನ್ನಡಕ ಮುರಿದುಹೋದ ಮೇಲೆ ಸುಮ್ಮನಾದವರ ಲೆಕ್ಕ ಇಡುವವರು ಯಾರು?

ನಮ್ಮ ಕಾಲೇಜಿನಲ್ಲೇ ನೋಡಿ. ಕಡ್ಡಿಗೆ ದಾರ ಸುತ್ತಿಕೊಂಡವರು, ಸೇಫ್ಟಿ ಪಿನ್ ಚುಚ್ಚಿಕೊಂಡವರು, ಎಂ-ಸೀಲ್ ಮೆತ್ತಿಕೊಂಡವರು ಇದ್ದಾರೆ. ಒಂದೇ ಕಡ್ಡಿಯ ಕನ್ನಡಕವನ್ನು ಕೈಯಲ್ಲಿ ಹಿಡಿದು ಬೋರ್ಡ್ ನೋಡಿ, ಮತ್ತೆ ಕೆಳಗಿಟ್ಟು ಬರೆಯುವ ಹುಡುಗನನ್ನೂ ನೋಡಿದ್ದೇನೆ. ಮನೆಯಲ್ಲಿ ಹೇಳಿದರೆ ‘ಮೊನ್ನೆ ತಾನೇ ಮಾಡಿಸಿಕೊಟ್ಟಿದ್ದು’ ಎಂದು ಬೈಯುತ್ತಾರೆ ಎನ್ನುವ ಭಯಕ್ಕೆ ಬಚ್ಚಿಟ್ಟವರೂ ಇದ್ದಾರೆ. ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತೂ ಸೇರುತ್ತದೆ. ‘ಸೋಡಾಬುಡ್ಡಿ’ ಎನ್ನುವ ಅಡ್ಡಹೆಸರು, ಮುಂದೆ ನೋಡೋಕೆ ಬರುವವರು ಏನೆನ್ನುತ್ತಾರೋ ಎನ್ನುವ ಮಾತು. ಹಾಗಾಗಿ ಮುರಿದರೆ ಮುರಿಯಲಿ ಬಿಡು ಎನ್ನುವ ಮನೆಗಳೂ ಇವೆ.

ಫ್ರೇಮ್ ಮುರಿದರೆ ಅದು ಮಕ್ಕಳ ಅಜಾಗರೂಕತೆ ಎಂದು ದೊಡ್ಡವರು ತಿಳಿಯುತ್ತಾರೆ. ಪ್ರತಿ ಸಲ ಅದು ನಿಜವಲ್ಲ. ಫ್ರೇಮ್ ಸವೆಯುವ ವಸ್ತು. ನಮ್ಮಲ್ಲಿ ಎಷ್ಟೋ ಹುಡುಗಿಯರು ಕಡ್ಡಿಯನ್ನು ಸ್ಕಾರ್ಫಿನ ಒಳಗೆ ತೂರಿಸಿಕೊಳ್ಳುತ್ತಾರೆ. ಪಿನ್ ಹಾಕಿ ಬಿಗಿದ ಬಟ್ಟೆ ದಿನವಿಡೀ ಕಡ್ಡಿಯನ್ನು ಒತ್ತುತ್ತಲೇ ಇರುತ್ತದೆ. ವಜೂ ಮಾಡುವಾಗ ತೆಗೆಯಬೇಕು, ನಮಾಜಿಗೆ ತೆಗೆದಿಡುವವರೂ ಇದ್ದಾರೆ. ದಿನಕ್ಕೆ ಹತ್ತು ಹದಿನೈದು ಸಲ ಮಡಚಿ ಬಿಚ್ಚಿದರೆ ಕಡ್ಡಿ ಸೇರುವ ಜಾಗದ ಸ್ಕ್ರೂ ಸಡಿಲಾಗುತ್ತದೆ, ತಿರುಗಣೆ ಸವೆಯುತ್ತದೆ. ಗಾಜು ಮಾತ್ರ ಹಾಗೇ ಇರುತ್ತದೆ.

ನಾವು ಲೆಕ್ಕಶಾಸ್ತ್ರದಲ್ಲಿ ಸವಕಳಿಯ ಪಾಠ ಓದಿದ್ದೇವೆ. ಕಟ್ಟಡಕ್ಕೂ ಅದರೊಳಗಿನ ಫರ್ನಿಚರಿಗೂ ಒಂದೇ ದರದ ಸವಕಳಿ ಹಾಕುವುದಿಲ್ಲ. ಎರಡರ ಬಾಳಿಕೆಯೂ ಬೇರೆ. ಕುರ್ಚಿ ಮುರಿಯಿತು ಎಂದು ಯಾರೂ ಕಟ್ಟಡ ಕೆಡವುವುದಿಲ್ಲ. ಕನ್ನಡಕದಲ್ಲೂ ಹಾಗೆಯೇ ಎರಡು ವಸ್ತುಗಳಿವೆ. ಗಾಜು ಪವರ್ ಬದಲಾಗುವ ತನಕ ಅಥವಾ ಗೀರು ಬೀಳುವ ತನಕ ಬಾಳುತ್ತದೆ. ಫ್ರೇಮ್ ಅದಕ್ಕಿಂತ ಮೊದಲೇ ಹೋಗಬಹುದು. ಅಂಗಡಿಯಲ್ಲಿ ಎರಡಕ್ಕೂ ಸೇರಿ ಒಂದೇ ಬೆಲೆ ಹೇಳುವುದರಿಂದ ನಾವು ಅದನ್ನು ಒಂದೇ ವಸ್ತು ಎಂದುಕೊಂಡಿದ್ದೇವೆ.

ನನ್ನ ಅನುಭವವನ್ನೇ ಹೇಳುತ್ತೇನೆ. ಕಳೆದ ನವೆಂಬರಿನಲ್ಲಿ ನನ್ನ ಕನ್ನಡಕದ ಬಲಗಡೆಯ ತಿರುಗಣೆ ಸವೆದು ಕಡ್ಡಿ ಕೈಗೆ ಬಂತು. ಅಬ್ಬಾ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅಂಗಡಿಯಲ್ಲಿದ್ದ ಅತಿ ಸಣ್ಣ ಸ್ಕ್ರೂ ತಂದು ನೋಡಿದರು, ಅದೇ ಕನ್ನಡಕಕ್ಕೆ ದಪ್ಪವಾಯಿತು. ಮರುದಿನ ಅಮ್ಮಿಯ ಜೊತೆ ಒಂದು ಕನ್ನಡಕದ ಅಂಗಡಿಗೆ ಹೋದೆ.

“ಈ ಮಾಡೆಲ್ ಈಗ ಬರೋದಿಲ್ಲ. ಹೊಸದೇ ಮಾಡಿಸ್ಕೊಂಡುಬಿಡಿ” ಎಂದರು.

“ಗಾಜು ಚೆನ್ನಾಗಿದೆಯಲ್ಲ ಅಣ್ಣಾ, ಇದಕ್ಕೇ ಬೇರೆ ಫ್ರೇಮ್ ಹಾಕಿಕೊಡಿ” ಎಂದು ಅಮ್ಮಿ ಕೇಳಿದರು.

“ಕೂರೋದಿಲ್ಲಮ್ಮ.”

ಕನ್ನಡಕವನ್ನು ಕೈಗೆ ತೆಗೆದುಕೊಂಡು ನೋಡಲೂ ಇಲ್ಲ. ಹೊಸದಕ್ಕೆ 1,700 ರೂಪಾಯಿ ಹೇಳಿದರು. ಇನ್ನೊಂದು ಅಂಗಡಿಯಲ್ಲಿಯೂ ಅದೇ ಉತ್ತರ ಬಂತು, ಬೆಲೆ ಮಾತ್ರ 150 ರೂಪಾಯಿ ಕಡಿಮೆ. ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. 1,700 ರೂಪಾಯಿ ಎಂದರೆ ಎಷ್ಟು ಬ್ಲೌಸ್ ಹೊಲಿಯಬೇಕು ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೆರಳು ಮಡಚಿ ಎಣಿಸಿದ್ದನ್ನು ನೋಡಿ ನಾನು ‘ಮುಂದಿನ ತಿಂಗಳು ನೋಡೋಣ’ ಎಂದೆ. ಹನ್ನೊಂದು ದಿನ ಕನ್ನಡಕ ಇಲ್ಲದೆ ಕಾಲೇಜಿಗೆ ಬಂದೆ.

ಆಮೇಲೆ ನಂಜನಗೂಡಿನಲ್ಲಿರುವ ಖಾಲಾ ತಮಗೆ ಗೊತ್ತಿರುವ ಒಂದು ಸಣ್ಣ ಅಂಗಡಿಯ ವಿಷಯ ಹೇಳಿದರು. ಶಕ್ತಿ ಯೋಜನೆಯಿಂದ ನನಗೂ ಅಮ್ಮಿಗೂ ಬಸ್ಸಿಗೆ ಖರ್ಚಿಲ್ಲ, ಹೋದೆವು. ಅಲ್ಲಿದ್ದ ವಯಸ್ಸಾದವರು ಮುರಿದ ಕನ್ನಡಕವನ್ನು ಬೆಳಕಿಗೆ ಹಿಡಿದರು, ಗಾಜಿನಲ್ಲಿ ಗೀರು ಇದೆಯಾ ನೋಡಿದರು, ಕಡ್ಡಿಯ ಒಳಗಿನ ಸಂಖ್ಯೆ ಓದಿದರು. ಒಂದು ಡ್ರಾ ಎಳೆದು ಐದಾರು ಫ್ರೇಮ್ ಇಟ್ಟು ನೋಡಿ, ನನ್ನದಕ್ಕಿಂತ ಎರಡು ಮಿಲಿಮೀಟರ್ ಚಿಕ್ಕದಾದ ಒಂದನ್ನು ಆರಿಸಿದರು. ಗಾಜಿನ ಅಂಚನ್ನು ಅಷ್ಟೇ ಉಜ್ಜಿ ಕೂರಿಸಿದರು. ಫ್ರೇಮಿಗೆ 280, ಕೆಲಸಕ್ಕೆ 100, ಒಟ್ಟು 380 ರೂಪಾಯಿ. ಮೊದಲಿನ ಅಂಗಡಿ ಹೇಳಿದ ಬೆಲೆಗೆ ಹೋಲಿಸಿದರೆ 1,320 ರೂಪಾಯಿ ಉಳಿಯಿತು. ಅದೇ ಕನ್ನಡಕ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಅವರು ಕೆಲಸ ಮಾಡುತ್ತಾ ಹೇಳಿದ ಕೆಲವು ವಿಷಯಗಳು ಎಲ್ಲರಿಗೂ ಉಪಯೋಗಕ್ಕೆ ಬರುತ್ತವೆ.

ಮೊದಲನೆಯದು, ಮುರಿದ ಫ್ರೇಮನ್ನು ಎಸೆಯಬಾರದು. ಕಡ್ಡಿಯ ಒಳಭಾಗದಲ್ಲಿ ಸಾಮಾನ್ಯವಾಗಿ 50, 18, 140 ಎನ್ನುವಂಥ ಮೂರು ಸಂಖ್ಯೆಗಳಿರುತ್ತವೆ. ಮೊದಲನೆಯದು ಗಾಜಿನ ಅಗಲ, ಎರಡನೆಯದು ಮೂಗಿನ ಮೇಲಿನ ಅಂತರ, ಮೂರನೆಯದು ಕಡ್ಡಿಯ ಉದ್ದ. ಎಲ್ಲವೂ ಮಿಲಿಮೀಟರಿನಲ್ಲಿ. ಈ ಸಂಖ್ಯೆ ಗೊತ್ತಿದ್ದರೆ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ. ಆದರೆ ಗಾಜಿನ ಎತ್ತರ ಮತ್ತು ಆಕಾರ ಸಂಖ್ಯೆಯಲ್ಲಿ ಇರುವುದಿಲ್ಲ, ಅದಕ್ಕೆ ಹಳೇ ಫ್ರೇಮೇ ಬೇಕು.

ಎರಡನೆಯದು, ದೊಡ್ಡ ಗಾಜನ್ನು ಉಜ್ಜಿ ಚಿಕ್ಕ ಫ್ರೇಮಿಗೆ ಕೂರಿಸಬಹುದು, ಚಿಕ್ಕ ಗಾಜನ್ನು ದೊಡ್ಡ ಫ್ರೇಮಿಗೆ ಕೂರಿಸಲಾಗದು. ಸುತ್ತಲೂ ಅಂಚು ಇರುವ ಫ್ರೇಮ್ ಸುಲಭ. ಗಾಜಿಗೇ ತೂತು ಕೊರೆದು ಕಡ್ಡಿ ಜೋಡಿಸಿದ ರಿಮ್‌ಲೆಸ್ ಕನ್ನಡಕ ಕಷ್ಟ. ಆದ್ದರಿಂದ ಮೊದಲ ಸಲ ಕೊಳ್ಳುವಾಗಲೇ ವಿಚಿತ್ರ ಆಕಾರದ್ದು ಬೇಡ, ಎಲ್ಲ ಕಡೆ ಸಿಗುವ ಸಾಮಾನ್ಯ ಆಕಾರದ್ದು ಒಳ್ಳೆಯದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಗಾಜು ಫ್ರೇಮಿನೊಳಗೆ ಕೂತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗಾಜಿನ ಮಧ್ಯಬಿಂದು ನಮ್ಮ ಕಣ್ಣಿನ ಪಾಪೆಯ ಎದುರಿಗೇ ಬರಬೇಕು. ಹೊಸ ಫ್ರೇಮಿನ ಮೂಗಿನ ಅಂತರ ತುಂಬಾ ಬೇರೆಯಾದರೆ ಮಧ್ಯಬಿಂದು ಸರಿಯುತ್ತದೆ, ತಲೆನೋವು ಬರುತ್ತದೆ. ಪವರ್ ಹೆಚ್ಚಿದ್ದಷ್ಟೂ ತೊಂದರೆ ಹೆಚ್ಚು. ಸಿಲಿಂಡರ್ ಪವರ್ ಇರುವವರ ಗಾಜು ಸ್ವಲ್ಪ ತಿರುಗಿ ಕೂತರೂ ಮಂಜಾಗಿ ಕಾಣುತ್ತದೆ. ಅದಕ್ಕೇ ಗಾಜು ಬಿಚ್ಚುವ ಮೊದಲು ಅದರ ಮೇಲೆ ಗುರುತು ಹಾಕಿಕೊಳ್ಳುತ್ತಾರೆ. ಇದನ್ನು ಮನೆಯಲ್ಲಿ ಚಾಕು, ಇಕ್ಕಳ ಹಿಡಿದು ಮಾಡಲು ಹೋಗಬಾರದು. ಕ್ಷಣದಲ್ಲಿ ಅಂಟುವ ಗಮ್ ಕೂಡ ಹಾಕಬಾರದು. ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆಯಂತೆ ಕೂರುತ್ತದೆ. ಉಳಿದಿದ್ದ ಗಾಜೂ ಹೋಗುತ್ತದೆ.

ಹಾಗಾದರೆ ಉಳಿದ ಅಂಗಡಿಯವರು ಯಾಕೆ ಒಪ್ಪುವುದಿಲ್ಲ? ಅವರೆಲ್ಲ ಮೋಸಗಾರರು ಎಂದು ನಾನು ಹೇಳುವುದಿಲ್ಲ. ಅವರ ಕಡೆಯಿಂದಲೂ ಲೆಕ್ಕ ಹಾಕಿ ನೋಡಬೇಕು. ಹಳೇ ಗಾಜನ್ನು ಬಿಚ್ಚಿ, ಉಜ್ಜಿ, ಕೂರಿಸಲು ಅರ್ಧ ಗಂಟೆ ಹಿಡಿಯುತ್ತದೆ. ಆ ಹೊತ್ತಿಗೆ ಹೊಸ ಕನ್ನಡಕದ ಒಂದು ಆರ್ಡರ್ ತೆಗೆದುಕೊಂಡರೆ ಲಾಭ ಹೆಚ್ಚು. ಅದೂ ಅಲ್ಲದೆ ಹಳೇ ಗಾಜಿನ ಅಂಚು ಚೂರು ಕಿತ್ತರೆ ಗಿರಾಕಿ ಜಗಳಕ್ಕೆ ನಿಲ್ಲುತ್ತಾರೆ, ಕೈಯಿಂದ ಹೊಸ ಗಾಜು ಹಾಕಿಕೊಡಬೇಕಾಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ನಾವು ‘ಬರೀ ಫ್ರೇಮ್ ಹಾಕಿದ್ದಕ್ಕೆ ನೂರು ರೂಪಾಯಾ?’ ಎಂದು ಚೌಕಾಸಿ ಮಾಡುತ್ತೇವೆ. ‘ಕೂರೋದಿಲ್ಲ’ ಎಂದು ಹೇಳಿ ಕಳಿಸುವುದು ಅವರಿಗೆ ಸುಲಭ.

ಇದಕ್ಕೆ ದಾರಿ ಇದೆ. ‘ಗಾಜು ಒಡೆದರೆ ಹೊಣೆ ನನ್ನದು’ ಎಂದು ನಾವು ಮೊದಲೇ ಒಪ್ಪಿಕೊಳ್ಳಬೇಕು, ಬೇಕಿದ್ದರೆ ಬಿಲ್ಲಿನ ಮೇಲೆ ಬರೆಸಿ ಸಹಿ ಹಾಕಬೇಕು. ಕೆಲಸಕ್ಕೆ ನ್ಯಾಯವಾದ ಕೂಲಿ ಕೊಡಬೇಕು. ಅಂಗಡಿಯವರು ಕೂಡ ‘ಹಳೇ ಗಾಜಿಗೆ ಹೊಸ ಫ್ರೇಮ್ ಹಾಕಿಕೊಡಲಾಗುವುದು’ ಎಂದು ಒಂದು ಬೋರ್ಡ್ ಬರೆದು ದರ ಹಾಕಿದರೆ ಸಾಕು. ತಲಕಾಡು, ಬನ್ನೂರು, ಮೂಗೂರು, ಸೋಸಲೆ ಕಡೆಯಿಂದ ಓದಲು ಬರುವ ನಮ್ಮಂಥವರೆಲ್ಲ ಆ ಅಂಗಡಿಗೇ ಹೋಗುತ್ತೇವೆ. ಪವರ್ ಬದಲಾದಾಗ ಹೊಸ ಕನ್ನಡಕಕ್ಕೂ ಅಲ್ಲಿಗೇ ಹೋಗುತ್ತೇವೆ. ಅವರಿಗೆ ನಷ್ಟ ಎಲ್ಲಿ ಬಂತು?

ನಮ್ಮ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ಗ್ರಾಹಕ ಸಂರಕ್ಷಣೆಯ ಪಾಠವಿದೆ. ಮಾಹಿತಿ ಪಡೆಯುವ ಹಕ್ಕು, ಆಯ್ಕೆಯ ಹಕ್ಕು ಎಂದು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಅವನ್ನು ಅಂಗಡಿಯಲ್ಲಿ ಉಪಯೋಗಿಸುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವ ಷರತ್ತನ್ನು ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದು ಗುರುತಿಸುತ್ತದೆ. ‘ಈ ಗಾಜು ಸರಿಹೋಗುವುದಿಲ್ಲ’ ಎಂದು ನೋಡಿ ಪರೀಕ್ಷಿಸಿ ಹೇಳುವುದು ಬೇರೆ. ‘ಗಾಜನ್ನೂ ಇಲ್ಲೇ ತೆಗೆದುಕೊಂಡರೆ ಮಾತ್ರ ಫ್ರೇಮ್ ಕೊಡುತ್ತೇವೆ’ ಎನ್ನುವುದು ಬೇರೆ. ಈ ವ್ಯತ್ಯಾಸ ನಮಗೆ ಗೊತ್ತಿರಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915 ಎನ್ನುವುದೂ ಗೊತ್ತಿರಬೇಕು.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಮೊದಲಿಗೆ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ಉಪಕರಣ, ವಾಹನ ಈ ನಾಲ್ಕು ಕ್ಷೇತ್ರಗಳನ್ನು. ಕನ್ನಡಕ ಆ ಪಟ್ಟಿಯಲ್ಲಿ ಇಲ್ಲ. ಟ್ರ್ಯಾಕ್ಟರಿನ ಬಿಡಿಭಾಗ ಸಿಗಬೇಕು ಎನ್ನುವುದು ನ್ಯಾಯವಾದರೆ, ಕನ್ನಡಕದ ಒಂದು ಕಡ್ಡಿ ಸಿಗಬೇಕು ಎನ್ನುವುದೂ ನ್ಯಾಯವೇ.

ಸರ್ಕಾರ ಕಣ್ಣಿನ ವಿಷಯದಲ್ಲಿ ಏನೂ ಮಾಡಿಲ್ಲ ಎಂದಲ್ಲ. ಡಾ. ಎಂ.ಸಿ. ಮೋದಿಯವರಂಥ ವೈದ್ಯರು ಊರೂರಿಗೆ ಹೋಗಿ ಕಣ್ಣಿನ ಶಿಬಿರ ಮಾಡಿದ ರಾಜ್ಯ ನಮ್ಮದು. ಈಗ ಆಶಾಕಿರಣ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಕಣ್ಣು ಪರೀಕ್ಷಿಸಿ ಉಚಿತ ಕನ್ನಡಕ ಕೊಡುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ಆರೋಗ್ಯ ತಪಾಸಣೆ ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿದೋಷದ ಕನ್ನಡಕದ ಮೇಲಿನ ಜಿಎಸ್‌ಟಿಯನ್ನು ಶೇ 12ರಿಂದ ಶೇ 5ಕ್ಕೆ ಇಳಿಸಿದ್ದಾರೆ. ಇದೆಲ್ಲ ಒಳ್ಳೆಯದೇ. ಆದರೆ ತೆರಿಗೆ ಇಳಿದಿದ್ದರಿಂದ ಸಾವಿರ ರೂಪಾಯಿ ಮೂಲ ಬೆಲೆಯ ಕನ್ನಡಕದಲ್ಲಿ ಉಳಿಯುವುದು 70 ರೂಪಾಯಿ. ಬೇಡದ ಗಾಜನ್ನು ಕೊಳ್ಳದೇ ಇದ್ದರೆ ಅದರ ಹತ್ತು ಪಟ್ಟಿಗಿಂತ ಹೆಚ್ಚು ಉಳಿಯುತ್ತದೆ. ಉಚಿತ ಕನ್ನಡಕ ಎಷ್ಟು ಹಂಚಿದರು ಎಂದು ಪತ್ರಿಕೆಯಲ್ಲಿ ಬರುತ್ತದೆ. ಆರು ತಿಂಗಳ ಮೇಲೆ ಅವುಗಳಲ್ಲಿ ಎಷ್ಟು ಇನ್ನೂ ಮೂಗಿನ ಮೇಲಿವೆ ಎಂದೂ ಕೇಳಬೇಕಲ್ಲವೇ?

ಗಾಜು ಬೇರೆ, ಫ್ರೇಮ್ ಬೇರೆ ಎಂದು ಯೋಚಿಸಿ ಕನ್ನಡಕ ಮಾಡಿದವರು ಜಗತ್ತಿನಲ್ಲಿ ಇದ್ದಾರೆ. ಜರ್ಮನಿಯ ಎರ್ಲಾಂಗನ್ ಎಂಬ ಊರಿನ ಮಾರ್ಟಿನ್ ಔಫ್‌ಮುತ್ ಎಂಬವರು ಗಣಿತ ಮತ್ತು ಭೌತಶಾಸ್ತ್ರದ ಶಿಕ್ಷಕರಾಗಿದ್ದರು. ಅವರು ಸ್ಪ್ರಿಂಗ್ ತಂತಿಯನ್ನು ಬಗ್ಗಿಸಿ ಫ್ರೇಮ್ ಮಾಡುವ ಒಂದು ಕೈಯಂತ್ರ ಕಂಡುಹಿಡಿದರು. ಕರೆಂಟ್ ಬೇಡ. ಗಾಜುಗಳೆಲ್ಲ ಒಂದೇ ಅಳತೆಯವು, ಬೇಕಾದ ಪವರಿನದನ್ನು ಆರಿಸಿ ಕೈಯಲ್ಲೇ ಒತ್ತಿ ಕೂರಿಸಬಹುದು. ಸಾಮಗ್ರಿಗೆ ಬೀಳುವ ಖರ್ಚು ಸುಮಾರು ಒಂದು ಡಾಲರ್. ಈ ಕೆಲಸ ನಮ್ಮ ದೇಶಕ್ಕೂ ಬಂದಿದೆ, ಒಡಿಶಾದಲ್ಲಿ ನಡೆಯುತ್ತಿದೆ. ನಮ್ಮ ಊರಿಗೆ ಆ ಯಂತ್ರವೇ ಬೇಕು ಎಂದು ನಾನು ಹೇಳುತ್ತಿಲ್ಲ. ಗಾಜು ಮತ್ತು ಫ್ರೇಮ್ ಬೇರೆಬೇರೆಯಾಗಿ ಸಿಗುವುದು ಅಸಾಧ್ಯವಲ್ಲ ಎಂದು ತಿಳಿಯಲಿ ಎಂದಷ್ಟೇ ಬರೆದೆ.

ಒಂದು ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. ನಮ್ಮ ವಯಸ್ಸಿನಲ್ಲಿ ಪವರ್ ಬದಲಾಗುತ್ತಿರುತ್ತದೆ, ಹಾಗಿರುವಾಗ ಹಳೇ ಗಾಜನ್ನೇ ಉಳಿಸಿಕೊಳ್ಳುವುದು ಸರಿಯೇ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಕಣ್ಣು ತೋರಿಸಿ ಒಂದು ವರ್ಷ ದಾಟಿದ್ದರೆ ಮೊದಲು ಪರೀಕ್ಷೆ ಮಾಡಿಸಬೇಕು. ಪವರ್ ಬದಲಾಗಿದ್ದರೆ, ಗಾಜಿನ ತುಂಬ ಗೀರು ಇದ್ದರೆ ಹೊಸ ಗಾಜೇ ಬೇಕು. ಅಲ್ಲಿ ದುಡ್ಡು ಉಳಿಸಲು ಹೋಗಬಾರದು. ನಾನು ಹೇಳುತ್ತಿರುವುದು ಪವರ್ ಹಾಗೇ ಇದ್ದು ಗಾಜು ಸ್ವಚ್ಛವಾಗಿರುವವರ ವಿಷಯ.

ಕೊನೆಯದಾಗಿ, ನಮ್ಮ ಕಾಲೇಜಿನಲ್ಲಿ ಮಾಡಬಹುದಾದ ಮೂರು ಕೆಲಸಗಳನ್ನು ಪ್ರಾಂಶುಪಾಲರ ಮತ್ತು ಉಪನ್ಯಾಸಕರ ಮುಂದೆ ಇಡುತ್ತೇನೆ.

ಒಂದು, ಲೈಬ್ರರಿಯಲ್ಲಿ ಒಂದು ಫ್ರೇಮ್ ಡಬ್ಬಿ ಇಡೋಣ. ಎಲ್ಲರ ಮನೆಯಲ್ಲೂ ಪವರ್ ಬದಲಾದ ಮೇಲೆ ಬಿಟ್ಟ ಕನ್ನಡಕಗಳು ಬೀರುವಿನ ಮೂಲೆಯಲ್ಲಿ ಬಿದ್ದಿರುತ್ತವೆ. ಅವುಗಳ ಗಾಜು ಬೇರೆಯವರಿಗೆ ಆಗುವುದಿಲ್ಲ, ಯಾರೂ ಬೇರೆಯವರ ಪವರ್ ಹಾಕಿಕೊಳ್ಳಲೂಬಾರದು. ಆದರೆ ಫ್ರೇಮ್ ಆಗಬಹುದು. ಅಳತೆ ಬರೆದ ಚೀಟಿ ಅಂಟಿಸಿ ಇಟ್ಟರೆ ಬೇಕಾದವರು ತೆಗೆದುಕೊಂಡು ಅಂಗಡಿಯಲ್ಲಿ ಹಾಕಿಸಿಕೊಳ್ಳುತ್ತಾರೆ. ಮುರಿದ ಫ್ರೇಮುಗಳ ಕಡ್ಡಿ, ಸ್ಕ್ರೂ, ಮೂಗಿನ ಪ್ಯಾಡ್ ಕೂಡ ಉಪಯೋಗಕ್ಕೆ ಬರುತ್ತವೆ. ಅಳತೆ ಬರೆದು ರಿಜಿಸ್ಟರ್ ಇಡುವ ಕೆಲಸವನ್ನು ನಮ್ಮ ಕಾಮರ್ಸ್ ವಿಭಾಗದವರು ಮಾಡುತ್ತೇವೆ. ಸ್ಟಾಕ್ ರಿಜಿಸ್ಟರ್ ಬರೆಯುವುದು ನಮಗೂ ಅಭ್ಯಾಸವಾಗಲಿ.

ಎರಡು, ಕಾಲೇಜಿನ ಕಡೆಯಿಂದ ಊರಿನ ಕನ್ನಡಕದ ಅಂಗಡಿಯವರನ್ನು ಕೇಳಿ, ಯಾರು ಒಪ್ಪುತ್ತಾರೋ ಅವರ ಬಳಿ ಹಳೇ ಗಾಜಿಗೆ ಫ್ರೇಮ್ ಹಾಕುವ ಕೂಲಿ ಎಷ್ಟು ಎಂದು ಗೊತ್ತುಮಾಡಿ ನೋಟೀಸ್ ಬೋರ್ಡಿನಲ್ಲಿ ಹಾಕಿ. ಒಬ್ಬಳು ಹುಡುಗಿ ಹೋಗಿ ಕೇಳುವುದಕ್ಕೂ ಕಾಲೇಜು ಕೇಳುವುದಕ್ಕೂ ವ್ಯತ್ಯಾಸವಿದೆ.

ಮೂರು, ತರಗತಿಯಲ್ಲಿ ಯಾರಾದರೂ ಕನ್ನಡಕ ಹಾಕದೆ ಬಂದರೆ ‘ಯಾಕೆ ತಂದಿಲ್ಲ?’ ಎಂದು ಎಲ್ಲರೆದುರು ಕೇಳಬೇಡಿ. ಸುಮ್ಮನೆ ಮುಂದಿನ ಬೆಂಚಿಗೆ ಕರೆದು ಕೂರಿಸಿ, ಆಮೇಲೆ ವಿಚಾರಿಸಿ. ಮುರಿದಿದೆ ಎಂದು ಹೇಳುವುದಕ್ಕೆ ನಮಗೆ ನಾಚಿಕೆಯಾಗುತ್ತದೆ.

ವಾರ್ಷಿಕ ಪರೀಕ್ಷೆಗೆ ಹೆಚ್ಚು ದಿನ ಉಳಿದಿಲ್ಲ. ಈ ಸಂಚಿಕೆ ಓದುತ್ತಿರುವವರಲ್ಲಿ ಯಾರ ಬ್ಯಾಗಿನಲ್ಲಾದರೂ ಮುರಿದ ಕನ್ನಡಕ ಇದ್ದರೆ ಇವತ್ತೇ ತೆಗೆದು ಗಾಜನ್ನು ಬೆಳಕಿಗೆ ಹಿಡಿದು ನೋಡಿ. ಗೀರಿಲ್ಲದಿದ್ದರೆ ಎರಡೂ ಗಾಜನ್ನು ಮೆತ್ತಗಿನ ಬಟ್ಟೆಯಲ್ಲಿ ಬೇರೆಬೇರೆಯಾಗಿ ಸುತ್ತಿ, ಹಳೇ ಫ್ರೇಮಿನ ಜೊತೆ ಅಂಗಡಿಗೆ ತೆಗೆದುಕೊಂಡು ಹೋಗಿ. ‘ಗಾಜು ಚೆನ್ನಾಗಿದೆ, ಫ್ರೇಮ್ ಮಾತ್ರ ಕೊಡಿ’ ಎಂದು ಕೇಳಿ. ಒಂದು ಅಂಗಡಿಯಲ್ಲಿ ಇಲ್ಲ ಎಂದರೆ ಇನ್ನೊಂದಕ್ಕೆ ಹೋಗಿ. ನಂಜನಗೂಡಿನ ಅಂಗಡಿಯ ದಾರಿ ಬೇಕಾದವರು ನನ್ನನ್ನು ಕೇಳಿ, ಹೇಳುತ್ತೇನೆ.